ಡೇವಿಡ್‌ಸನ್ ಬೆಟ್ಟದ ನೀಲಗಿರಿಗಳು

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೊ ನಗರದ ನಡುವೆ 900 ಅಡಿಗೂ ಮಿಕ್ಕಿದ ಎತ್ತರದ ಒಂದು ಬೆಟ್ಟವಿದೆ. ಆ ನಗರದ ನೈಸರ್ಗಿಕ ಶಿಖರಗಳಲ್ಲಿ ಅದೇ ಅತ್ಯುನ್ನತವಾದುದು. 1852ರಲ್ಲಿ ಅದರ ಭೂಮಾಪನ ಮಾಡಿದ ಜಾರ್ಜ್ ಡೇವಿಡ್‌ಸನ್ ಎಂಬ ವಿಜ್ಞಾನಿಯ ಹೆಸರನ್ನು 1911ರಲ್ಲಿ ಅದಕ್ಕೆ ಇಡಲಾಯಿತು. ತುದಿಯಲ್ಲಿ 103 ಅಡಿ ಎತ್ತರದ ಕಾಂಕ್ರೀಟಿನ ಶಿಲುಬೆಯೊಂದು 1934ರಿಂದ ನಿಂತಿದೆ. ಬೆಟ್ಟಕ್ಕೆ ಎರಡು ಮೈಗಳು. ಸಮುದ್ರದ ಕಡೆಯ ಪಶ್ಚಿಮ ಭಾಗವನ್ನು ಮುಗಿಲು ಮುಟ್ಟುವ ನೀಲಗಿರಿ ಮರಗಳು ತುಂಬಿವೆ. ಬೇಸಿಗೆಯಲ್ಲಿ ಹನಿ ಮಳೆಯಿಲ್ಲದ ದಿನಗಳಲ್ಲಿಯೂ ಕಡಲ ಮಂಜು ಆ ಎಲೆಗಳಿಗೆ ತಾಗಿ, ನೀರಾಗಿ ಇಳಿದು, ಕೆಳಗಿನ ನೆಲವನ್ನು ತೇವವಾಗಿರಿಸುತ್ತದೆ. ಪೂರ್ವ ಭಾಗದಲ್ಲಿ ಬರಿಯ ಹುಲ್ಲು, ಕುರುಚಲು. ಕಾಡಿಗೂ ಹುಲ್ಲಿಗೂ ನಡುವೆ ಇರುವ ಗೆರೆ ದೂರದಿಂದಲೂ ಎದ್ದು ಕಾಣುವಷ್ಟು ಸ್ಪಷ್ಟ. ಆ ಗೆರೆಯನ್ನು ಎಳೆದವರು ಮನುಷ್ಯರು. ಅದನ್ನು ಅಳಿಸಿ ಬೇರೊಂದು ಕಡೆ ಎಳೆಯಬೇಕೆಂದು ಹೊರಟವರೂ ಮನುಷ್ಯರೇ. ಬೆಟ್ಟದ ಮೇಲಿನ ಸುಮಾರು 1,600 ಮರಗಳನ್ನು ತೆಗೆಯುವ ಯೋಜನೆಯೊಂದು ನಗರಾಡಳಿತದ ಮುಂದೆ ಬಂದಾಗ ಎದ್ದ ವಿವಾದ ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಮರ ಕಡಿಯುವವರೂ ಮರ ಉಳಿಸುವವರೂ ತಾವೇ ಪ್ರಕೃತಿಯ ಪಕ್ಷವೆಂದು ಪ್ರಾಮಾಣಿಕವಾಗಿ ನಂಬಿದ್ದ ವಿವಾದವದು.

ಈ ಮರಗಳು ಅಲ್ಲಿಯವಲ್ಲ. 1776ರಲ್ಲಿ ಸ್ಪೇನಿನವರು ಅಲ್ಲಿ ಸೇನಾಠಾಣ್ಯವನ್ನೂ ಮಿಷನ್ ಇಗರ್ಜಿಯನ್ನೂ ಸ್ಥಾಪಿಸಿದಾಗ ಆ ಪರ್ಯಾಯದ್ವೀಪದ ತುದಿಯಲ್ಲಿ ಮರಗಳು ತೀರ ವಿರಳವಾಗಿದ್ದವು. ಕಡಲಿನ ಕಡೆಗೆ ಮೈಲಿಗಟ್ಟಲೆ ಮರಳುದಿಬ್ಬಗಳು, ಗುಡ್ಡಗಳ ಮೇಲೆ ಹುಲ್ಲು, ಕಣಿವೆಗಳಲ್ಲಿ ಒಂದಿಷ್ಟು ಓಕ್ ಮತ್ತು ವಿಲೋ. ಅಲ್ಲಿನ ಮೂಲನಿವಾಸಿಗಳಾದ ಓಲೋನಿ ಜನರು ಕಾಲಕಾಲಕ್ಕೆ ಹುಲ್ಲಿಗೆ ಬೆಂಕಿಯಿಟ್ಟು ಬೀಜ, ಗೆಡ್ಡೆಗಳು ಚೆನ್ನಾಗಿ ಬರುವಂತೆ ನೋಡಿಕೊಳ್ಳುತ್ತಿದ್ದರು. ಆದ್ದರಿಂದ ಆ ಹುಲ್ಲುಗಾವಲು ಸಹ ಕೈ ಸೋಂಕದ ಪ್ರಕೃತಿಯಾಗಿರಲಿಲ್ಲ ಎಂಬುದನ್ನು ಮರೆಯಲಾಗದು. 1849ರ ಚಿನ್ನದ ನುಗ್ಗಾಟದ ತರುವಾಯ ಹಳ್ಳಿಯಂತಿದ್ದ ಊರು ಕೆಲವೇ ವರ್ಷಗಳಲ್ಲಿ ಮಹಾನಗರವಾಯಿತು. ಗಾಳಿ, ಮರಳು, ಧೂಳಿನಿಂದ ಬೇಸತ್ತ ನಾಗರಿಕರು ಪೂರ್ವ ಅಮೆರಿಕದ ನಗರಗಳಲ್ಲಿರುವಂತಹ ಉದ್ಯಾನ ತಮಗೂ ಬೇಕೆಂದರು.

1870ರ ದಶಕದಲ್ಲಿ ಗೋಲ್ಡನ್ ಗೇಟ್ ಉದ್ಯಾನವನ್ನು ರೂಪಿಸಿದ ವಿಲಿಯಂ ಹ್ಯಾಮಂಡ್ ಹಾಲ್ ಎಂಬ ಎಂಜಿನಿಯರನಿಗೆ ಎದುರಾದ ಮೊದಲ ಪ್ರಶ್ನೆ ಹಾರುವ ಮರಳನ್ನು ಹಿಡಿದು ನಿಲ್ಲಿಸುವುದು ಹೇಗೆಂಬುದು. ಕುದುರೆಯ ಮೇವಿನ ಚೀಲದಿಂದ ಚೆಲ್ಲಿದ ನೆನೆದ ಬಾರ್ಲಿ ಮರಳಿನಲ್ಲಿ ಮೊಳೆತದ್ದನ್ನು ಕಂಡು ಅವನಿಗೆ ಉಪಾಯ ಹೊಳೆಯಿತೆಂಬ ಕಥೆಯುಂಟು. ಕಥೆ ಎಷ್ಟರಮಟ್ಟಿಗೆ ನಿಜವೋ, ಉಪಾಯವಂತೂ ನಿಜ. ಬೇಗ ಮೊಳೆಯುವ ಬಾರ್ಲಿಯ ಜೊತೆಗೆ ಆ ನಾಡಿನದೇ ಆದ ಲ್ಯೂಪಿನ್ ಎಂಬ ಗಿಡದ ಬೀಜವನ್ನು ಬಿತ್ತಿದರು. ಬಾರ್ಲಿ ಮರಳನ್ನು ಕೆಲವು ತಿಂಗಳು ಹಿಡಿದಿತು, ಅಷ್ಟರಲ್ಲಿ ಲ್ಯೂಪಿನ್ ಬೇರುಬಿಟ್ಟಿತು. ಅದರ ಮೇಲೆ ಮರಗಳು ಬಂದವು: ದಕ್ಷಿಣದ ಮಾಂಟೆರೆ ಪ್ರದೇಶದ ಪೈನ್ ಮತ್ತು ಸೈಪ್ರೆಸ್, ಆಸ್ಟ್ರೇಲಿಯದ ನೀಲಗಿರಿ. ಸಾವಿರ ಎಕರೆಗೂ ಮಿಕ್ಕಿದ ಮರಳು ಹೀಗೆ ವನವಾಯಿತು. 1887ರಲ್ಲಿ ಉದ್ಯಾನದ ಮೇಲ್ವಿಚಾರಕನಾದ ಜಾನ್ ಮೆಕ್‌ಲಾರೆನ್ 1943ರಲ್ಲಿ ಸಾಯುವವರೆಗೂ ಅದೇ ಹುದ್ದೆಯಲ್ಲಿದ್ದು ಮರ ನೆಡುತ್ತಲೇ ಇದ್ದನು.

ಡೇವಿಡ್‌ಸನ್ ಬೆಟ್ಟದ ಕಾಡಿಗೆ ಕಾರಣನಾದವನು ಅಡಾಲ್ಫ್ ಸೂಟ್ರೊ. ಪ್ರಷ್ಯದ ಆಖನ್ ಊರಿನಲ್ಲಿ 1830ರಲ್ಲಿ ಹುಟ್ಟಿ, ನೆವಾಡದ ಬೆಳ್ಳಿಗಣಿಗಳಿಗೆ ಸುರಂಗ ತೋಡಿಸಿ ಹಣ ಗಳಿಸಿದ ಈತನು ನಗರದ ನಡುವಿನ ಗುಡ್ಡಗಾಡನ್ನು ಕೊಂಡು ನೀಲಗಿರಿ ನೆಡಿಸಿದನು. 1886ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯದ ಮೊದಲ ವೃಕ್ಷದಿನಾಚರಣೆ ನಡೆದದ್ದು ಅವನ ನೆರವಿನಿಂದ. 1895ರಿಂದ ಎರಡು ವರ್ಷ ಅವನೇ ನಗರದ ಮೇಯರನಾಗಿದ್ದು, 1898ರಲ್ಲಿ ತೀರಿಕೊಂಡನು. ಅವನ ಕಾಡಿನ ಬಹುಭಾಗ ಮುಂದೆ ನಿವೇಶನಗಳಾಗಿ ಮಾರಾಟವಾಯಿತು. ಉಳಿದ ತುಣುಕುಗಳಲ್ಲಿ ಡೇವಿಡ್‌ಸನ್ ಬೆಟ್ಟದ ಭಾಗ 1929ರಲ್ಲಿ ನಗರದ ಉದ್ಯಾನವಾಯಿತು. ಹೀಗೆ ಒಂದು ತಲೆಮಾರು ಪುಣ್ಯಕಾರ್ಯವೆಂದು ನೆಟ್ಟ ಮರಗಳ ನೆರಳಿನಲ್ಲಿ ಮೂರು ನಾಲ್ಕು ತಲೆಮಾರುಗಳು ಬೆಳೆದವು. ಅವು ಪರದೇಶದವೆಂಬ ನೆನಪೇ ಬಹುಮಂದಿಗೆ ಉಳಿಯಲಿಲ್ಲ.

ಆದರೆ ಈ ನೆಡುವಿಕೆಯ ಕೆಳಗೆ ಒಂದು ನಷ್ಟವೂ ಅಡಗಿತ್ತು. ಮರಳುದಿಬ್ಬಗಳ ಮೇಲೆ ಬದುಕುತ್ತಿದ್ದ ಜರ್ಸೀಸ್ ಬ್ಲೂ ಎಂಬ ನೀಲಿ ಚಿಟ್ಟೆ 1940ರ ದಶಕದ ಮೊದಲ ವರ್ಷಗಳ ಅನಂತರ ಎಲ್ಲಿಯೂ ಕಾಣಲಿಲ್ಲ. ನಗರ ಬೆಳೆದದ್ದರಿಂದ ಅಮೆರಿಕದಲ್ಲಿ ಅಳಿದುಹೋದ ಮೊದಲ ಚಿಟ್ಟೆ ಅದೇ ಎನ್ನುವುದುಂಟು. 1971ರಲ್ಲಿ ಆರಂಭವಾದ ಅಕಶೇರುಕ ಜೀವಿಗಳ ರಕ್ಷಣಾ ಸಂಸ್ಥೆಯೊಂದು ಅದರ ಹೆಸರನ್ನೇ ತಳೆಯಿತು. ಅದರ ಬಂಧುವಾದ ಮಿಷನ್ ಬ್ಲೂ ಚಿಟ್ಟೆಯನ್ನು 1976ರಲ್ಲಿ ವಿನಾಶದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಇದರ ಮರಿಹುಳು ಲ್ಯೂಪಿನ್ ಗಿಡದ ಮೂರು ಜಾತಿಗಳನ್ನಲ್ಲದೆ ಬೇರೇನನ್ನೂ ತಿನ್ನದು. ಲ್ಯೂಪಿನ್‌ಗೆ ಬಿಸಿಲು ಬೇಕು, ನೆರಳು ಬಿದ್ದಲ್ಲಿ ಅದು ಸಾಯುತ್ತದೆ. ಮರಳಿಗೆ ಹಾಲ್ ಬಿತ್ತಿಸಿದ್ದು ಇದೇ ಕುಲದ ಗಿಡವನ್ನು ಎಂಬುದು ಇಲ್ಲಿ ನೆನಪಾಗದಿರದು. ಇನ್ನೊಂದು ಸಂಗತಿ ಇದಕ್ಕಿಂತ ವಿಸ್ಮಯದ್ದು. ಕಾಡಿನಲ್ಲಿ ನಿರ್ನಾಮವಾಯಿತೆಂದು ಭಾವಿಸಲಾಗಿದ್ದ ಫ್ರಾನ್ಸಿಸ್ಕನ್ ಮಾಂಜನೀಟ ಎಂಬ ಪೊದೆಯ ಒಂದೇ ಒಂದು ಗಿಡ 2009ರಲ್ಲಿ ಪ್ರೆಸಿಡಿಯೊ ಪ್ರದೇಶದ ಹೆದ್ದಾರಿಯ ಬದಿಯಲ್ಲಿ ಸಿಕ್ಕಿತು. ರಸ್ತೆಗಾಗಿ ಸುತ್ತಲಿನ ಮರಗಿಡಗಳನ್ನು ತೆಗೆದದ್ದರಿಂದಲೇ ಅದು ಕಣ್ಣಿಗೆ ಬಿದ್ದದ್ದು. 2010ರ ಜನವರಿಯಲ್ಲಿ ಅದನ್ನು ಬೇರುಮಣ್ಣಿನ ಸಮೇತ ಎತ್ತಿ ಸುರಕ್ಷಿತ ಸ್ಥಳದಲ್ಲಿ ನೆಟ್ಟರು. ಮರ ಕಡಿಯುವುದನ್ನು ಬೆಂಬಲಿಸಿದವರು ಮರದ್ವೇಷಿಗಳಾಗಿರಲಿಲ್ಲವೆಂಬುದಕ್ಕೆ ಇವು ಸಾಕ್ಷಿ.

ಇಂತಹ ಕಳವಳದಿಂದಲೇ 1990ರ ದಶಕದಲ್ಲಿ ನಗರದ ಉದ್ಯಾನ ಇಲಾಖೆ 'ನೈಸರ್ಗಿಕ ಪ್ರದೇಶ'ಗಳ ಕಾರ್ಯಕ್ರಮವನ್ನು ಕೈಗೊಂಡಿತು. ಸ್ಥಳೀಯ ಸಸ್ಯಗಳ ಅಭಿಮಾನಿಗಳ ಸಂಘಗಳು ಅದಕ್ಕೆ ಬೆನ್ನೆಲುಬಾದವು. 32 ಸ್ಥಳಗಳಲ್ಲಿ ಹರಡಿದ ಸುಮಾರು 1,100 ಎಕರೆ ನೆಲ ಅದರ ವ್ಯಾಪ್ತಿಗೆ ಬಂದಿತು. 2006ರಲ್ಲಿ ಸಿದ್ಧವಾದ ನಿರ್ವಹಣಾ ಯೋಜನೆಯ ಪ್ರಕಾರ ಹಂತಹಂತವಾಗಿ 18 ಸಾವಿರಕ್ಕೂ ಹೆಚ್ಚು ಮರಗಳನ್ನು ತೆಗೆಯಬೇಕಿತ್ತು. ಅವುಗಳಲ್ಲಿ ಸುಮಾರು 15 ಸಾವಿರ ನಗರದ ದಕ್ಷಿಣಕ್ಕೆ ಪೆಸಿಫಿಕಾ ಊರಿನಲ್ಲಿರುವ ಶಾರ್ಪ್ ಪಾರ್ಕಿನಲ್ಲಿದ್ದವು. ನಗರದೊಳಗಿನ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ. ಹಾಗಿದ್ದರೂ ಡೇವಿಡ್‌ಸನ್ ಬೆಟ್ಟದ ಪಾಲು ದೊಡ್ಡದಾಗಿತ್ತು.

ವಿರೋಧ ಮೊದಲು ಎದ್ದದ್ದು ಬೆಟ್ಟಗಳ ಬುಡದ ಮನೆಗಳಿಂದ. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಫಾರೆಸ್ಟ್ ಅಲಯನ್ಸ್ ಎಂಬ ಸಂಘಟನೆ ಅದಕ್ಕೆ ರೂಪ ಕೊಟ್ಟಿತು. ಅವರ ವಾದಗಳು ಹಲವು. ಮರಗಳ ಮೇಲ್ಛಾವಣಿ ನಗರದ ನೆಲದ ಶೇಕಡ 13.7ರಷ್ಟನ್ನು ಮಾತ್ರ ಮುಚ್ಚುತ್ತದೆಂದು 2014ರ ನಗರಯೋಜನೆಯೇ ಒಪ್ಪಿಕೊಂಡಿರುವಾಗ, ಇದ್ದ ದೊಡ್ಡ ಮರಗಳನ್ನು ಕಡಿಯುವುದು ಯಾವ ವಿವೇಕ? ನೂರು ವರ್ಷ ಬೆಳೆದ ಮರದಲ್ಲಿ ಸಂಗ್ರಹವಾದ ಇಂಗಾಲ ಮತ್ತೆ ಗಾಳಿಗೆ ಸೇರುವುದಿಲ್ಲವೇ? ಇಳಿಜಾರಿನ ಮಣ್ಣನ್ನು ಹಿಡಿಯುವವರಾರು? ನೀಲಗಿರಿಯ ಕೊಂಬೆಗಳಲ್ಲಿ ಗೂಬೆ, ಗಿಡುಗಗಳು ಗೂಡು ಕಟ್ಟುತ್ತವೆ. ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್ ಚಿಟ್ಟೆಗಳು ಗುಂಪುಗುಂಪಾಗಿ ಜೋತುಬೀಳುವುದು ಬಹುಮಟ್ಟಿಗೆ ಇದೇ ಮರಗಳಿಗೆ. ಕಡಿದ ಒಂದು ಮರಕ್ಕೆ ಒಂದು ಮರ ನೆಡುತ್ತೇವೆಂದು ಇಲಾಖೆ ಹೇಳಿತು. ಆದರೆ ಅದನ್ನು ಅದೇ ಸ್ಥಳದಲ್ಲಿ ನೆಡುವ ಮಾತು ಕೊಡಲಿಲ್ಲ. ಇಲಾಖೆಯ ಬಳಿಯೂ ಉತ್ತರಗಳಿದ್ದವು: ಎಷ್ಟೋ ಮರಗಳು ಮುದಿಯಾಗಿವೆ, ಒತ್ತೊತ್ತಾಗಿ ಬೆಳೆದು ಸೊರಗಿವೆ, ನೀಲಗಿರಿಯ ಎಣ್ಣೆಭರಿತ ತೊಗಟೆ ಕಿಚ್ಚಿಗೆ ಆಹಾರ. ಕೊಲ್ಲಿಯ ಆಚೆಯ ಓಕ್‌ಲ್ಯಾಂಡ್ ಗುಡ್ಡಗಳಲ್ಲಿ 1991ರ ಅಕ್ಟೋಬರಿನಲ್ಲಿ ಹೊತ್ತಿದ ಬೆಂಕಿ 25 ಜನರನ್ನು ಬಲಿ ತೆಗೆದುಕೊಂಡದ್ದನ್ನು ಯಾರೂ ಮರೆತಿರಲಿಲ್ಲ. ಅದಕ್ಕೆ ವಿರೋಧಿಗಳ ಪ್ರತ್ಯುತ್ತರ: ಮಂಜಿನಿಂದ ತೊಯ್ದ ಕಾಡಿಗಿಂತ ಬೇಸಿಗೆಯಲ್ಲಿ ಒಣಗಿ ನಿಂತ ಹುಲ್ಲೇ ಬೇಗ ಹೊತ್ತುತ್ತದೆ. ಎರಡರಲ್ಲಿಯೂ ಹುರುಳಿದೆ.

ಈ ವಾದಗಳೆಲ್ಲಕ್ಕಿಂತ ಕಠಿನವಾದ ಪ್ರಶ್ನೆ ವಿಷದ್ದು. ನೀಲಗಿರಿಯನ್ನು ಕಡಿದರೆ ಅದು ಸಾಯುವುದಿಲ್ಲ. ಬೊಡ್ಡೆಯಿಂದ ಮತ್ತೆ ಹತ್ತಾರು ಚಿಗುರುಗಳು ಏಳುತ್ತವೆ. ಕನ್ನಡ ನಾಡಿನ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಕಡಿದ ಕೂಡಲೇ ಹಸಿ ಬೊಡ್ಡೆಯ ಅಂಚಿಗೆ ಕಳೆನಾಶಕವನ್ನು ಬಳಿಯಬೇಕಾಗುತ್ತದೆ. ಅದು ತೊಗಟೆಯ ಒಳಪದರದ ಮೂಲಕ ಬೇರಿಗಿಳಿದು ಬೇರನ್ನು ಕೊಲ್ಲುತ್ತದೆ. ಚಿಗುರು ಮತ್ತೆ ಬಂದರೆ ಮತ್ತೆ ಬಳಿಯಬೇಕು. ಟ್ರೈಕ್ಲೋಪಿರ್ ಎಂಬ ರಾಸಾಯನಿಕ ಸಸ್ಯದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸಿ, ಗಿಡ ಅಂಕೆಗೆಟ್ಟು ಬೆಳೆದು ತನ್ನಿಂದ ತಾನೇ ಸಾಯುವಂತೆ ಮಾಡುತ್ತದೆ. ಗಾರ್ಲಾನ್ ಎಂಬುದು ಅದರ ವ್ಯಾಪಾರದ ಹೆಸರು. 1974ರಲ್ಲಿ ರೌಂಡಪ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಗ್ಲೈಫೋಸೇಟ್ ಸಸ್ಯಗಳು ಕೆಲವು ಅವಶ್ಯಕ ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳುವ ದಾರಿಯನ್ನೇ ಮುಚ್ಚುತ್ತದೆ. ಆ ದಾರಿ ಪ್ರಾಣಿಗಳ ದೇಹದಲ್ಲಿಲ್ಲವಾದ್ದರಿಂದ ಅದು ಮನುಷ್ಯರಿಗೆ ನಿರಪಾಯವೆಂದು ಬಹುಕಾಲ ಹೇಳಲಾಗುತ್ತಿತ್ತು. ಆದರೆ ಅದೇ ದಾರಿ ಮಣ್ಣಿನಲ್ಲಿರುವ ಶಿಲೀಂಧ್ರಗಳಲ್ಲಿಯೂ ಬ್ಯಾಕ್ಟೀರಿಯಗಳಲ್ಲಿಯೂ ಇದೆ.

ಮರದ ಬೊಡ್ಡೆಗಷ್ಟೇ ಅಲ್ಲ, ಹೂವಿಗೂ ವಿಷ ಹೊಡೆಯಲಾಗುತ್ತಿತ್ತು. ದಕ್ಷಿಣ ಆಫ್ರಿಕದಿಂದ ಬಂದ ಆಕ್ಸಾಲಿಸ್ ಎಂಬ ಹಳದಿ ಹೂವಿನ ಗಿಡ, ಕನ್ನಡ ನಾಡಿನ ಮಕ್ಕಳು ಕಿತ್ತು ಅಗಿಯುವ ಹುಳಿಸೊಪ್ಪಿನ ಕುಲದ್ದು. ಅಲ್ಲಿಯ ಮಕ್ಕಳೂ ಅದರ ದಂಟನ್ನು ಹುಳಿಗಾಗಿ ಅಗಿಯುವುದುಂಟು. ಚಳಿಗಾಲದಲ್ಲಿ ಬೆಟ್ಟದ ಮೈಯನ್ನೆಲ್ಲ ಹಳದಿಯಾಗಿಸಿ, ಜೇನುನೊಣಗಳಿಗೆ ಮಕರಂದವಿತ್ತು, ಬೇಸಿಗೆಯಲ್ಲಿ ಒಣಗಿಹೋಗುವ ಈ ಗಿಡ ಮಣ್ಣಿನೊಳಗೆ ಸಣ್ಣ ಗೆಡ್ಡೆಗಳನ್ನು ಬಿಟ್ಟು ಮರುವರ್ಷ ಮತ್ತೆ ಏಳುತ್ತದೆ. ಸ್ಥಳೀಯ ಹುಲ್ಲುಹೂಗಳನ್ನು ಅದು ಅದುಮುತ್ತದೆಂಬ ಕಾರಣದಿಂದ ಅದರ ಮೇಲೆ ಗಾರ್ಲಾನ್ ಸಿಂಪಡಿಸಲಾಗುತ್ತಿತ್ತು. ನಗರದ 1996ರ ಕಾನೂನು ಕೀಟನಾಶಕ, ಕಳೆನಾಶಕಗಳನ್ನು ಅಪಾಯದ ತಾರತಮ್ಯದಿಂದ ಮೂರು ವರ್ಗಗಳಾಗಿ ವಿಂಗಡಿಸುವ ಪದ್ಧತಿಗೆ ನಾಂದಿ ಹಾಡಿತ್ತು. ಸಿಂಪಡಿಸುವ ಮುನ್ನ ಫಲಕ ನೆಡಬೇಕೆಂದೂ ವಿಧಿಸಿತ್ತು. ಈ ಕಾನೂನು ಆ ಕಾಲಕ್ಕೆ ಅಮೆರಿಕದಲ್ಲಿಯೇ ಮುಂಚೂಣಿಯದು. ಆ ವರ್ಗೀಕರಣದಲ್ಲಿ ಗಾರ್ಲಾನ್ ಅತ್ಯಂತ ಅಪಾಯಕರವಾದ ಮೊದಲ ವರ್ಗದಲ್ಲಿತ್ತು. ವಿರೋಧಿಗಳು ಇಲಾಖೆಯ ಬಳಕೆಯ ದಾಖಲೆಗಳನ್ನು ಕೇಳಿ ಪಡೆದು, ತಿಂಗಳು ತಿಂಗಳಾಗಿ ಲೆಕ್ಕ ಹಾಕಿ, 'ನೈಸರ್ಗಿಕ' ಎಂಬ ಹೆಸರು ಹೊತ್ತ ನೆಲಕ್ಕೇ ಇಂತಹ ವಿಷ ಬೇಕಾಗಿದೆಯೆಂದು ಜನರ ಮುಂದಿಟ್ಟರು. ಗದ್ದಲಕ್ಕಿಂತ ಈ ತಾಳ್ಮೆಯ ಲೆಕ್ಕವೇ ಅವರ ನಿಜವಾದ ಶಕ್ತಿಯಾಗಿತ್ತು.

2015ರ ಮಾರ್ಚಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಗ್ಲೈಫೋಸೇಟ್ ಮನುಷ್ಯರಲ್ಲಿ ಪ್ರಾಯಶಃ ಕ್ಯಾನ್ಸರಿಗೆ ಕಾರಣವಾಗುವ ವಸ್ತುವೆಂದು ವರ್ಗೀಕರಿಸಿತು. ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ ಇದನ್ನೊಪ್ಪಲಿಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ನಗರ ಆ ವರ್ಷವೇ ಗ್ಲೈಫೋಸೇಟನ್ನು ಎರಡನೆಯ ವರ್ಗದಿಂದ ಮೊದಲ ವರ್ಗಕ್ಕೆ ಏರಿಸಿತು. ಮುಂದೆ, ಮೊದಲ ವರ್ಗದ ಕಳೆನಾಶಕಗಳನ್ನು ಬರಿಯ ಅಂದಕ್ಕಾಗಿ ಬಳಸಕೂಡದು, ಶಾಲೆ ಮತ್ತು ಮಕ್ಕಳ ಆಟದ ಸ್ಥಳಗಳ ಬಳಿ ಸಿಂಪಡಿಸಕೂಡದು ಎಂಬ ನಿರ್ಬಂಧಗಳು ಬಂದವು. 2018ರ ಆಗಸ್ಟಿನಲ್ಲಿ ಅದೇ ನಗರದ ನ್ಯಾಯಾಲಯದಲ್ಲಿ, ಶಾಲೆಯೊಂದರ ಅಂಗಳದಲ್ಲಿ ಕಳೆನಾಶಕ ಸಿಂಪಡಿಸುವ ಕೆಲಸ ಮಾಡಿ ಕ್ಯಾನ್ಸರಿಗೀಡಾದ ನೌಕರನೊಬ್ಬನ ಪರವಾಗಿ ಪಂಚರು ಮಾನ್ಸಾಂಟೊ ಕಂಪನಿಯ ವಿರುದ್ಧ 28.9 ಕೋಟಿ ಡಾಲರುಗಳ ತೀರ್ಪು ನೀಡಿದರು. ಮೇಲ್ಮನವಿಯ ತರುವಾಯ 2020ರಲ್ಲಿ ಆ ಮೊತ್ತ ಸುಮಾರು 2 ಕೋಟಿಗೆ ಇಳಿಯಿತು. ತೀರ್ಪಿನ ತಿರುಳು ಉಳಿಯಿತು.

ಇಲ್ಲಿ ಕನ್ನಡ ನಾಡಿನ ಅನುಭವವನ್ನು ಪಕ್ಕದಲ್ಲಿಟ್ಟು ನೋಡುವುದು ಉಚಿತ. ಆಸ್ಟ್ರೇಲಿಯದ ಆ ಮರಕ್ಕೆ ಇಲ್ಲಿ ಹೆಸರು ಬಂದದ್ದೇ ಅದನ್ನು ನೆಟ್ಟ ನೀಲಗಿರಿ ಬೆಟ್ಟದಿಂದ. ಆದರೆ ಕೋಲಾರ, ತುಮಕೂರು ಸೀಮೆಯ ಹೊಲಗಳಲ್ಲಿ ರಾಗಿಯ ಬದಲು ನೀಲಗಿರಿ ತೋಪುಗಳೆದ್ದಾಗ ರೈತರು ಅದನ್ನು ಶತ್ರುವೆಂದು ಕಂಡರು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸಿಗಳನ್ನು ಕಿತ್ತುಹಾಕಿದರು. 2017ರಲ್ಲಿ ಕರ್ನಾಟಕ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲ ಬತ್ತಿದ ಬಯಲಿನಲ್ಲಿ ಕಾರ್ಖಾನೆಗಾಗಿ ಬೆಳೆದ ಒಂದೇ ಜಾತಿಯ ತೋಪಿಗೂ, ಮಂಜನ್ನು ನೀರಾಗಿಸಿ ನೆಲಕ್ಕಿಳಿಸುವ ಶತಮಾನದ ಕಾಡಿಗೂ ಒಂದೇ ನ್ಯಾಯ ಸಲ್ಲದು. ಮರದ ಜಾತಿಯನ್ನು ನೋಡಿ ತೀರ್ಪು ಕೊಡುವವರು ಎರಡು ಕಡೆಯೂ ಎಡವುತ್ತಾರೆ.

ಜೈನಶಾಸ್ತ್ರದ ಜೀವವಿಚಾರದಲ್ಲಿ ಸ್ವದೇಶಿ ಸಸ್ಯ, ಪರದೇಶಿ ಸಸ್ಯ ಎಂಬ ಭೇದವಿಲ್ಲ. ನೀಲಗಿರಿಯೂ ಲ್ಯೂಪಿನ್ನೂ ಆಕ್ಸಾಲಿಸ್ಸೂ ಸಮಾನವಾಗಿ ಏಕೇಂದ್ರಿಯ ವನಸ್ಪತಿಕಾಯಗಳೇ. ಲ್ಯೂಪಿನ್ನನ್ನು ಆಶ್ರಯಿಸಿದ ಚಿಟ್ಟೆ ಚತುರಿಂದ್ರಿಯ, ನೀಲಗಿರಿಯಲ್ಲಿ ಗೂಡು ಕಟ್ಟಿದ ಗೂಬೆ ಪಂಚೇಂದ್ರಿಯ. ಇಂದ್ರಿಯಗಳ ಎಣಿಕೆಯಿಂದ ಮಾತ್ರ ಈ ವ್ಯಾಜ್ಯ ತೀರುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಗೃಹಸ್ಥನಿಗೆ ಆಚಾರ್ಯರು ಇನ್ನೊಂದು ಅಳತೆಗೋಲನ್ನು ಕೊಟ್ಟಿದ್ದಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ವೃಕ್ಷಾದಿಗಳನ್ನು ಛೇದಿಸುವುದನ್ನು ಪ್ರಮಾದಾಚರಿತವೆಂದೂ, ವಿಷ ಶಸ್ತ್ರಾದಿ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದನ್ನು ಹಿಂಸಾಪ್ರದಾನವೆಂದೂ ಬೇರೆಬೇರೆಯಾಗಿ ಗಣಿಸುತ್ತಾರೆ. ಈ ಬೇರ್ಪಡಿಕೆ ಗಮನಾರ್ಹ. ಮರವನ್ನು ಕಡಿಯುವುದಕ್ಕೆ ಪ್ರಯೋಜನವಿದೆಯೇ ಎಂಬುದು ಒಂದು ಪ್ರಶ್ನೆ. ವಿಷವನ್ನು ಕೈಗೆ ಕೊಡುವುದು ಇನ್ನೊಂದು. ಮೊದಲನೆಯದಕ್ಕೆ ಹೌದೆಂಬ ಉತ್ತರ ಬಂದ ಮಾತ್ರಕ್ಕೆ ಎರಡನೆಯದು ತಾನಾಗಿ ಸಿದ್ಧವಾಗುವುದಿಲ್ಲ. ಅಳಿವಿನಂಚಿನ ಚಿಟ್ಟೆಗೆ ಬಿಸಿಲು ಬೇಕಾದ ಒಂದು ಗುಡ್ಡದ ನೆತ್ತಿಯಲ್ಲಿ ಕೆಲವು ಮರಗಳನ್ನು ತೆಗೆಯುವುದಕ್ಕೆ ಪ್ರಯೋಜನ ಉಂಟೆನ್ನಬಹುದು. ಚಿಟ್ಟೆಯೂ ಇಲ್ಲದ, ಮಾಂಜನೀಟವೂ ಇಲ್ಲದ ಇಳಿಜಾರಿನಲ್ಲಿ, 1776ರ ದೃಶ್ಯವನ್ನು ಮರಳಿ ಕಾಣಬೇಕೆಂಬ ಬಯಕೆಗಾಗಿ ವರ್ಷವರ್ಷವೂ ವಿಷ ಹೊಡೆಯುವುದಕ್ಕೆ ಆ ಮಾತು ಅನ್ವಯಿಸದು. 'ಬರಿಯ ಅಂದಕ್ಕಾಗಿ ಬಳಸಕೂಡದು' ಎಂದು ವಿಧಿಸಿದ ನಗರದ ಅಧಿಕಾರಿಗಳು, ತಮಗರಿಯದೆಯೇ, ಇದೇ ಅಳತೆಗೋಲಿನ ಹತ್ತಿರ ಬಂದಿದ್ದರು.

ಇದು ದೂರದ ಊರಿನ ಮಾತಷ್ಟೇ ಅಲ್ಲ. ಭಾರತ ಸರ್ಕಾರ 2022ರ ಅಕ್ಟೋಬರಿನಲ್ಲಿ ಗ್ಲೈಫೋಸೇಟಿನ ಬಳಕೆಯನ್ನು ಕೀಟನಿಯಂತ್ರಣದ ಪರವಾನಗಿದಾರರಿಗೆ ಮಾತ್ರ ಸೀಮಿತಗೊಳಿಸುವ ಆದೇಶ ಹೊರಡಿಸಿತು. ಬಸದಿಯ ಪ್ರಾಂಗಣದ ಹುಲ್ಲು, ಧರ್ಮಶಾಲೆಯ ಹಿತ್ತಲ ಕಳೆ, ಬೆಟ್ಟದ ಮೆಟ್ಟಿಲ ಸಂದಿಯ ಗರಿಕೆ ಇವುಗಳನ್ನು ಯಾರು, ಯಾವುದರಿಂದ ತೆಗೆಯುತ್ತಾರೆಂದು ವಿಚಾರಿಸಿಕೊಳ್ಳುವ ಹೊಣೆ ಆಯಾ ಟ್ರಸ್ಟುಗಳ ವ್ಯವಸ್ಥಾಪಕರದು. ಕುಡುಗೋಲು, ಕೈ ಎರಡಕ್ಕೂ ಕೂಲಿ ಹೆಚ್ಚು ಬೀಳುತ್ತದೆ ಎಂಬುದು ನಿಜ.

2016ರ ಡಿಸೆಂಬರಿನಲ್ಲಿ, ನಾಗರಿಕರು ಗಂಟೆಗಟ್ಟಲೆ ಸಾಕ್ಷ್ಯ ನುಡಿದ ಬಳಿಕ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಆಯೋಗಗಳು ಯೋಜನೆಗೆ ಒಪ್ಪಿಗೆ ಕೊಟ್ಟವು. ವಿರೋಧಿಗಳು ಸಲ್ಲಿಸಿದ ಮೇಲ್ಮನವಿಯನ್ನು 2017ರ ಫೆಬ್ರವರಿಯಲ್ಲಿ ನಗರದ ಮೇಲ್ವಿಚಾರಕ ಮಂಡಲಿ ತಳ್ಳಿಹಾಕಿತು. ಮರಗಳ ವಿಷಯದಲ್ಲಿ ಅವರು ಸೋತರು. ವಿಷದ ವಿಷಯದಲ್ಲಿ ಪೂರ್ತಿ ಸೋತರೆನ್ನಲಾಗದು. ಉದ್ಯಾನಗಳಲ್ಲಿ ಗ್ಲೈಫೋಸೇಟಿನ ಬಳಕೆ ಆ ಹೋರಾಟದ ವರ್ಷಗಳಲ್ಲಿ ಬಹಳವಾಗಿ ತಗ್ಗಿತು. ಯೋಜನೆಯನ್ನು ಬೆಂಬಲಿಸಿದ ಸಸ್ಯಪ್ರೇಮಿಗಳಲ್ಲಿಯೂ ಎಷ್ಟೋ ಮಂದಿ ರಜಾದಿನಗಳಲ್ಲಿ ಬೆಟ್ಟಗಳಿಗೆ ಹೋಗಿ ಕೈಯಿಂದಲೇ ಕಳೆ ಕಿತ್ತವರು. ಆಕ್ಸಾಲಿಸ್ ಮಾತ್ರ ಯಾರ ಗೊಡವೆಯೂ ಇಲ್ಲದೆ ಪ್ರತಿವರ್ಷ ಮಳೆಗಾಲಕ್ಕೆ, ಅಂದರೆ ಅಲ್ಲಿಯ ಚಳಿಗಾಲಕ್ಕೆ, ಡೇವಿಡ್‌ಸನ್ ಬೆಟ್ಟದ ಹುಲ್ಲಿನ ನಡುವೆ ತಲೆಯೆತ್ತುತ್ತದೆ. ಬಿಸಿಲು ಬಿದ್ದ ಮಧ್ಯಾಹ್ನ ಜೇನುನೊಣಗಳು ಅದರ ಮೇಲೆ ಕೂಡುತ್ತವೆ.